ಕೆಂಚಿಯ ಬೂಷ್ಟು ಹಿಡಿದ ಹಸಿರು ಬ್ರಷ್ಷು

ನಾನು ಒಂದು ಹಲ್ಲುಜ್ಜುವ ಬ್ರಷ್ಷು. ಕಾರ್ಖಾನೆಯಲ್ಲಿ ಹಸಿರು ಪ್ಲಾಸ್ಟಿಕ್ ಕರಗಿಸಿ ಅಚ್ಚಿಗೆ ಹೊಯ್ದರು, ತಲೆಗೆ ಬಿಳಿ ಕೂದಲು ನಾಟಿದರು. ಹುಟ್ಟುವಾಗಲೇ ತಲೆ ನರೆತವನು ನಾನು. ಆದರೂ ಆಸೆಗೇನೂ ಕಮ್ಮಿಯಿರಲಿಲ್ಲ. ಉಜ್ಜಿದರೆ ಮದುಮಗನ ಹಲ್ಲನ್ನೇ ಉಜ್ಜಬೇಕೆಂದು ಮಂಡ್ಯದ ಒಂದು ಪುಟ್ಟ ಅಂಗಡಿಯಲ್ಲಿ ನಾಲ್ಕು ತಿಂಗಳು ನೇತಾಡಿದೆ.

ದಸರಾ ಮುಗಿದ ವಾರ ಹಿಟ್ಟಿನ ಗಿರಣಿಯ ಕಮಲಾಕ್ಷಮ್ಮ ಬಂದು ನನ್ನನ್ನು ಕೊಂಡರು. "ಬೆಕ್ಕಿಗೆ ಹೊಸಾ ಬ್ರಷ್ಷು ಬೇಕಂತೆ! ಡಾಕ್ಟ್ರಮ್ಮ ಅದರ ಹಲ್ಲುಜ್ತಾರೋ ಏನೋ" ಎಂದು ಅಂಗಡಿಯವನ ಹತ್ತಿರ ಗೊಣಗಿದರು. ನನ್ನ ಎದೆ ಒಡೆದುಹೋಯಿತು.

ಎದುರಿಗೇ ಇತ್ತು ಡಾಕ್ಟರ್ ತಬಸ್ಸುಮ್ ಅವರ ಪ್ರಾಣಿ ಚಿಕಿತ್ಸಾಲಯ. ಮೇಜಿನ ಮೇಲೆ ಕೆಂಚಿ ಎಂಬ ಬೆಕ್ಕು. ಕಿವಿಯ ಹಿಂದೆ, ಬೆನ್ನ ಮೇಲೆ ಕೂದಲುದುರಿದ ದುಂಡು ದುಂಡು ಕಲೆಗಳು. ಅಂಥವೇ ಎರಡು ಉಂಗುರಗಳು ಕಮಲಾಕ್ಷಮ್ಮನ ಮುಂಗೈ ಮೇಲೂ ಇದ್ದವು.

"ಹುಳಕಡ್ಡಿ ಅಂತ ಎಲ್ರೂ ಅಂದ್ರಲ್ಲ ಮೇಡಂ, ಅದ್ಕೇ ಮೊದ್ಲು ಮೂರ್ ಸಲ ಹುಳದ ಔಷ್ದಿ ಕುಡಿಸ್ದೆ."

"ಹುಳ ಹೆಸರಲ್ಲಿ ಮಾತ್ರ ಕಮಲಾಕ್ಷಮ್ಮ. ಇದು ಬೂಷ್ಟು. ಹಳೇ ರೊಟ್ಟಿ ಮೇಲೆ ಬರಲ್ವಾ, ಅದರ ನೆಂಟ."

ಹುಳದ ಔಷಧಿ ಆದಮೇಲೆ ಮೆಡಿಕಲ್ ಸ್ಟೋರಿನ ಟ್ಯೂಬು ಹಚ್ಚಿದ್ದರಂತೆ. ಹಚ್ಚಿದಾಗ ಮಾಯ, ಬಿಟ್ಟಾಗ ಎರಡರಷ್ಟು. ಕೊನೆಗೆ ಡಾಕ್ಟರಮ್ಮನ ಮಾತ್ರೆಯನ್ನು ಆರು ವಾರ ಒಂದು ಹೊತ್ತೂ ತಪ್ಪಿಸದೆ ಕೊಟ್ಟರೂ ಕಲೆ ಹರಡುತ್ತಲೇ ಇತ್ತಂತೆ.

"ಈ ಬೂಷ್ಟು ಔಷಧಿಗಳಿಗೆ ಪಳಗಿಬಿಟ್ಟಿರಬೇಕು, ನನ್ನ ಮಾತ್ರೆಗೂ ಬಗ್ಗುತ್ತಿಲ್ಲ. ಯಾವುದಕ್ಕೆ ಬಗ್ಗುತ್ತೆ ಅಂತ ಪರೀಕ್ಷೆ ಮಾಡಿಸೋಣ" ಎಂದರು ಡಾಕ್ಟರಮ್ಮ.

ಕಮಲಾಕ್ಷಮ್ಮ ಅತ್ತೇಬಿಟ್ಟರು. ಕಣ್ಣು ಬಿಡುವ ಮೊದಲೇ ತಾಯಿ ಸತ್ತ ಕೆಂಚಿಗೆ ಹಾಲಿನಲ್ಲಿ ಹತ್ತಿ ಅದ್ದಿ ಕುಡಿಸಿ ಬೆಳೆಸಿದವರು ಅವರು. ಈಗ ಆ ಬೆಕ್ಕು ಇರುವ ಕಡೆ ರಾಗಿ ಬೀಸಿಸುವುದಿಲ್ಲ ಎಂದು ಗಿರಾಕಿಗಳು ಮೂಗು ಮುರಿಯುತ್ತಿದ್ದರು. ಸಂಕ್ರಾಂತಿಯೊಳಗೆ ವಾಸಿಯಾಗದಿದ್ದರೆ ಅದನ್ನು ನಾಲೆಯಾಚೆ ಬಿಟ್ಟುಬರುವುದಾಗಿ ಗಂಡ ಮರೀಗೌಡರು ಖಡಾಖಂಡಿತ ಹೇಳಿದ್ದರು.

ಡಾಕ್ಟರಮ್ಮ ಕೈಗವಸು ಹಾಕಿ ನನ್ನ ಪೊಟ್ಟಣ ಹರಿದರು. ಹಲ್ಲಿನ ತಂಟೆಗೇ ಹೋಗಲಿಲ್ಲ. ನನ್ನಿಂದ ಕೆಂಚಿಯ ಮೈಯನ್ನು ಕಿವಿಯಿಂದ ಬಾಲದವರೆಗೆ ಬಾಚಿದರು. ಅವಳು ನನ್ನನ್ನು ಎರಡು ಸಲ ಪರಚಿದಳು. ನಾನು ಹಿಡಿದಿದ್ದನ್ನು ಬಿಡಲಿಲ್ಲ.

ನನ್ನ ಕೂದಲನ್ನು ಪುಟ್ಟ ತಟ್ಟೆಯೊಂದರಲ್ಲಿದ್ದ, ಬೂಷ್ಟು ಬೆಳೆಸುವ ಅಂಟುಗಂಜಿಗೆ ಒತ್ತಿದರು. ಹನ್ನೆರಡು ದಿನಕ್ಕೆ ಅದರ ತುಂಬ ಹತ್ತಿಯಂಥ ಬೂಷ್ಟು. ತಟ್ಟೆ ಬೆಂಗಳೂರಿನ ಪ್ರಯೋಗಾಲಯಕ್ಕೆ ಹೋಯಿತು. ನನ್ನನ್ನು ಕುಕ್ಕರಿನಂಥ ಯಂತ್ರದಲ್ಲಿ ಬೇಯಿಸಿದರು. ಮೈಗಂಟಿದ್ದ ಬೂಷ್ಟು ಸತ್ತಿತು, ನಾನು ಬದುಕಿದೆ. ಹೇಗೆ ಬಾಚಬೇಕೆಂದು ಹೊಸದಾಗಿ ಬರುವವರಿಗೆ ತೋರಿಸಲು ಬೇಕೆಂದು ನನ್ನನ್ನು ಮೇಜಿನ ಸೀಸೆಯಲ್ಲಿ ನಿಲ್ಲಿಸಿದರು.

ವರದಿ ಬಂದ ದಿನ ಡಾಕ್ಟರಮ್ಮ ಮೇಜು ಗುದ್ದಿದ ರಭಸಕ್ಕೆ ನಾನು ಸೀಸೆಸಮೇತ ಹಾರಿಬಿದ್ದೆ. ಮೊದಲಿನ ಮಾತ್ರೆಯ ಮದ್ದಿನಲ್ಲಿ ಬೂಷ್ಟು ಹಾಯಾಗಿ ಬೆಳೆದಿತ್ತು. ಇನ್ನೊಂದು ಮದ್ದಿನಲ್ಲಿ ಅದರ ಸುಳಿವೇ ಇರಲಿಲ್ಲ! "ಈ ಪರೀಕ್ಷೆ ಮೊದಲೇ ಮಾಡಿಸಬೇಕಿತ್ತು" ಎಂದು ತಮ್ಮನ್ನೇ ಬೈದುಕೊಂಡರು.

ಹೊಸ ಔಷಧಿ ಶುರುವಾಯಿತು. ವಾರಕ್ಕೆರಡು ಸಲ ಮದ್ದಿನ ಸ್ನಾನ, ಕೆಂಚಿ ಮಲಗುತ್ತಿದ್ದ ಗೋಣಿಚೀಲಕ್ಕೆ ಬೆಂಕಿ, ಗಿರಣಿಯ ಮೂಲೆಮೂಲೆಗೂ ತೊಳೆತ. ಕಮಲಾಕ್ಷಮ್ಮ ಅದೇ ವರದಿ ಹಿಡಿದು ತಮ್ಮ ಮುಂಗೈ ತೋರಿಸಲು ಚರ್ಮದ ಡಾಕ್ಟರ ಹತ್ತಿರ ಹೋದರು. ಇಬ್ಬರ ಕಲೆ ಮಾಯವಾದರೂ ಔಷಧಿ ನಿಲ್ಲಿಸಲಿಲ್ಲ. ಆ ಬುದ್ಧಿ ಟ್ಯೂಬು ಕಲಿಸಿತ್ತು.

ಎರಡು ಸಲ ಬಾಚಿದರೂ ತಟ್ಟೆಯಲ್ಲಿ ಏನೂ ಬೆಳೆಯದಿದ್ದರೆ ಮಾತ್ರ ಗೆಲುವು ಎಂದಿದ್ದರು ಡಾಕ್ಟರಮ್ಮ. ಬಾಚಲು ನನ್ನ ಇಬ್ಬರು ತಮ್ಮಂದಿರು ಬಂದರು. ಮೊದಲನೆಯವನ ತಟ್ಟೆ ಖಾಲಿ. ಎರಡನೆಯವನದನ್ನು ನೋಡುವ ದಿನ ಸಂಕ್ರಾಂತಿಗೆ ಒಂದೇ ದಿನ ಬಾಕಿ. ಮರೀಗೌಡರೇ ಕೆಂಚಿಯನ್ನು ಕಂಕುಳಲ್ಲಿಟ್ಟುಕೊಂಡು ಹೆಂಡತಿಯೊಂದಿಗೆ ಬಂದರು. ಡಾಕ್ಟರಮ್ಮ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಈ ಕಡೆ ನೋಡಿದರು, ಆ ಕಡೆ ನೋಡಿದರು. ಒಂದು ಚುಕ್ಕೆಯೂ ಇರಲಿಲ್ಲ.

"ಗೆದ್ಬುಟ್ಟೆ ಕಣೇ ಕೆಂಚಿ!" ಎಂದು ಗೌಡರು ಬೀದಿಗೆಲ್ಲ ಕೇಳುವಂತೆ ಕೂಗಿ ಅವಳನ್ನು ಎತ್ತಿ ಹಿಡಿದರು. "ನಡಿ ಗಿರಣಿಗೆ, ಇಲಿಗಳಿಗೆ ಬಲೇ ಕೊಬ್ಬು ಬಂದದೆ!" ಕಮಲಾಕ್ಷಮ್ಮ ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡರು.

ನಾನೀಗ ಮುದುಕ. ಅಂದು ಬೆಂದ ಕೂದಲು ಗುಂಗುರಾಗಿದೆ. ಸೀಸೆಯ ಮೇಲೆ ಧೂಳು ಕೂತಿದೆ. ಬೇಸರವೇನಿಲ್ಲ. ಖಾಲಿ ತಟ್ಟೆ ನೋಡಿ ಮೂವರು ಹಬ್ಬ ಮಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.