ಕೆಂಪು ಸಾಕೆಟ್ಟಿನ ಮಲಯಾಳಂ

ಮೈಸೂರಿನ ಸುಮಿತ್ರ ಮಲಯಾಳಂ ಕಲಿತದ್ದಕ್ಕಿಂತ ಕಲಿತಿದ್ದೇನೆಂದು ಹೇಳಿಕೊಂಡದ್ದೇ ಹೆಚ್ಚು. ಕನ್ನಡದ ಪದಕ್ಕೊಂದು ಮಲಯಾಳದ ಬಾಲ ಕಟ್ಟಿ ಬಿಟ್ಟರೆ ಹತ್ತರಲ್ಲಿ ಒಂಬತ್ತು ಸಲ ಕೆಲಸ ಆಗುತ್ತಿತ್ತು. ವೈಟ್ಟಿಲದ ಬ್ಯಾಂಕೊಂದರಲ್ಲಿ ಸರ್ವರ್ ಕೋಣೆಯ ಉಸ್ತುವಾರಿ ಅವಳದು, ಬಾಯಿಯ ಜೋರೂ ಅವಳದೇ.

ಆದರೆ ಆ ದಿನ ಆ ಜೋರು ಅಡಗಿತ್ತು. ಹಿಂದಿನ ತಿಂಗಳು ಕರೆಂಟ್ ಹೋದಾಗ ಯುಪಿಎಸ್ ಹತ್ತೇ ನಿಮಿಷಕ್ಕೆ ಕೈಕೊಟ್ಟು ಸರ್ವರ್ ಮಲಗಿಬಿಟ್ಟಿತ್ತು. ಬ್ಯಾಟರಿ ಹೊಸದು, ಕಾರಣ ಯಾರಿಗೂ ತಿಳಿಯದು. ಈಗ ತಿರುವನಂತಪುರದ ಮುಖ್ಯ ಕಚೇರಿಯಿಂದ ಕಮಲ ಮೇಡಂ ಪರೀಕ್ಷೆಗೆ ಬಂದಿದ್ದರು. ಯುಪಿಎಸ್ ಅರ್ಧ ಗಂಟೆ ತಡೆಯದಿದ್ದರೆ ಸರ್ವರ್ ತಿರುವನಂತಪುರಕ್ಕೆ, ಅದರ ಹಿಂದೆಯೇ ಸುಮಿತ್ರ. ಐದು ವರ್ಷ ಬೇರೆ ಬೇರೆ ಊರುಗಳಲ್ಲಿದ್ದು, ಗಂಡ ನಿತ್ಯಾನಂದನ ಜೊತೆ ಒಂದೇ ಮನೆಯಲ್ಲಿ ಉಣ್ಣತೊಡಗಿ ಇನ್ನೂ ಮೂರೇ ತಿಂಗಳಾಗಿತ್ತು. ಅದನ್ನು ನೆನೆದರೆ ಅವಳಿಗೆ ಅಳುವೇ ಬರುತ್ತಿತ್ತು.

ಮೇಡಂ ಮೇನ್ ಸ್ವಿಚ್ ಆರಿಸಿದರು. ಯುಪಿಎಸ್ ಪರದೆ ನಲವತ್ತು ನಿಮಿಷ ತೋರಿಸಿತು. ಎರಡು ನಿಮಿಷ ಕಳೆಯುವಷ್ಟರಲ್ಲಿ ಅದು ಒಮ್ಮೆಲೇ ಒಂಬತ್ತಕ್ಕೆ ಇಳಿಯಿತು. ನೆಟ್‌ವರ್ಕ್ ಪೆಟ್ಟಿಗೆಯ ದೀಪವೂ ಮಿಣುಕತೊಡಗಿತು. ಅದರ ಪ್ಲಗ್ ಸಡಿಲವಾಗಿರಬೇಕೆಂದುಕೊಂಡ ಸುಮಿತ್ರ, ಪಕ್ಕದ ಕೋಣೆಯಲ್ಲಿ ಯುಪಿಎಸ್ಸಿನ ಕೆಂಪು ಸಾಕೆಟ್ಟಿನ ಬಳಿ ನಿಂತಿದ್ದ ಅಟೆಂಡರ್ ದಾಮೋದರನಿಗೆ ಕೂಗಿದಳು.

“ಚೇಟ್ಟಾ, ಆ ಪ್ಲಗ್ ಊರಿಕ್ಕೋ!”

ಗಟ್ಟಿಯಾಗಿ ಊರು, ಒತ್ತು ಎಂಬುದು ಅವಳ ಅರ್ಥ. ಮಲಯಾಳದಲ್ಲಿ ಊರುವುದೆಂದರೆ ಕಿತ್ತು ತೆಗೆಯುವುದು.

“ಊರಣೋ?” ಕೀಳುವುದೇ ಎಂದು ದಾಮೋದರ ಬೆಚ್ಚಿದ.

“ಊರಿಕ್ಕೋ! ವೇಗಂ!”

ಅಲ್ಲಿದ್ದದ್ದು ಎರಡು ಪ್ಲಗ್. ನೆಟ್‌ವರ್ಕಿನದನ್ನು ಕೀಳು ಎಂದು ತಲೆ ನೆಟ್ಟಗಿರುವವರು ಹೇಳಲಾರರು. ಅವನು ಇನ್ನೊಂದನ್ನು ಕಿತ್ತ. ಅದು ಸಿಬ್ಬಂದಿಯ ಚಹಾ ಕೆಟಲಿನದು; ಆಗಷ್ಟೇ ಕಾಯತೊಡಗಿ ಬ್ಯಾಟರಿಯನ್ನು ಹೀರುತ್ತಿತ್ತು. ಕರೆಂಟ್ ಹೋದರೂ ಚಹಾ ನಿಲ್ಲಬಾರದೆಂದು ಯಾರೋ ಪುಣ್ಯಾತ್ಮರು, ಕಂಪ್ಯೂಟರಿಗೆ ಮಾತ್ರ ಎಂದು ಬರೆದಿಟ್ಟಿದ್ದ ಸಾಕೆಟ್ಟಿಗೇ ಅದನ್ನು ಸಿಕ್ಕಿಸಿದ್ದರು. ದೀಪದ ಮಿಣುಕು ನಿಂತಿತು. ಪರದೆಯ ಒಂಬತ್ತು ಮೂವತ್ತಾರಕ್ಕೆ ಹಾರಿತು. ಅರ್ಧ ಗಂಟೆ ಸಲೀಸಾಗಿ ಕಳೆಯಿತು.

ಕಮಲ ಇಂಗ್ಲಿಷಿನಲ್ಲಿ ಬಾಯ್ತುಂಬ ಹೊಗಳಿದರು. ಇಷ್ಟು ಚುರುಕು, ಇಷ್ಟು ಒಳ್ಳೆಯ ಮಲಯಾಳಂ! ಇಂಥವರನ್ನು ತಿರುವನಂತಪುರಕ್ಕೇ ಕೇಳಿ ತೆಗೆದುಕೊಳ್ಳುತ್ತೇನೆ ಎಂದರು.

ಸೋತರೂ ತಿರುವನಂತಪುರ, ಗೆದ್ದರೂ ತಿರುವನಂತಪುರ! ಸುಮಿತ್ರಳಿಗೆ ಮಾನಕ್ಕಿಂತ ಮನೆ ದೊಡ್ಡದಾಯಿತು. ಎಲ್ಲವನ್ನೂ ಒಪ್ಪಿಕೊಂಡಳು. ತನಗೆ ಮಲಯಾಳಂ ಬಾರದು, ಕೆಟಲನ್ನು ತಾನು ಕಂಡೇ ಇರಲಿಲ್ಲ, ಹೇಳಿದ್ದು ಒತ್ತಲಿಕ್ಕೇ ಹೊರತು ಕೀಳಲಿಕ್ಕಲ್ಲ.

ಕಮಲ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತ ನಕ್ಕರು. ಆಮೇಲೆ ಅಚ್ಚ ಕನ್ನಡದಲ್ಲಿ ಶುರು ಮಾಡಿದರು.

“ನಾನು ಕಾಸರಗೋಡಿನವಳು ಮಾರಾಯ್ತಿ. ನೀವು ಕೂಗಿದಾಗ್ಲೇ ನಂಗೆ ಗೊತ್ತಾಗಿದೆ. ನಿಮ್ಮ ಬಾಯಿಂದ ನಿಜ ಬರ್ತದಾ ಅಂತ ನೋಡಿದ್ದು. ನೀವು ಇಲ್ಲೇ ಇರಿ. ಈ ಮಲಯಾಳ ಹಿಡ್ಕೊಂಡು ಅಲ್ಲಿಗೆ ಬಂದ್ರೆ ನಮ್ಮ ಸರ್ವರ್ ಉಳಿಲಿಕ್ಕುಂಟಾ?”