ಹಳದಿ ಬೇಡ

"ಕತ್ತಲೆ ಕೋಣೆಗೆ ಹಳದಿ ಬಿಟ್ರೆ ಬೇರೆ ಬಣ್ಣವೇ ಇಲ್ಲ ಮೇಡಂ. ಅದೂ ಹೊಳಪಿಂದು ಹಾಕ್ಸಿ, ಹಗಲಲ್ಲಿ ಲೈಟೇ ಬೇಡ," ಎಂದು ಪೇಂಟ್ ಅಂಗಡಿಯವನು ಬಣ್ಣದ ಪುಸ್ತಕವನ್ನು ಅವಳ ಮುಂದೆ ತಳ್ಳಿದ.

ಅವಳು ಪುಸ್ತಕ ಮುಚ್ಚಿಬಿಟ್ಟಳು. "ಹಳದಿ ಬೇಡ. ಬಿಳಿ ಕೊಡಿ, ಹೊಳಪಿಲ್ಲದ್ದು."

"ಅಯ್ಯೋ, ಬೂದಿ ಬಳಿದಂಗೆ ಕಾಣತ್ತೆ!" ಅಂಗಡಿಯವನು ಪಕ್ಕದಲ್ಲಿ ನಿಂತಿದ್ದ ಅವಳ ಗಂಡನ ಕಡೆ ನೋಡಿದ. ಹೆಂಗಸರ ಮಾತಿಗೆ ಗಂಡಸರ ಮೊಹರು ಬೀಳಬೇಕು ಎನ್ನುವವರ ಪೈಕಿ ಅವನು.

"ಅವಳು ಹೇಳಿದ್ದೇ ಕೊಡಿ," ಎಂದ ಗಂಡ.

ಮನೆಯಲ್ಲಿ ತೊಟ್ಟಿಲಿಗೆ ಜಾಗವಿದ್ದುದು ಆ ಕೋಣೆಯೊಂದರಲ್ಲೇ. ಇದ್ದೊಂದು ಕಿಟಕಿಗೆ ಮೊಳದ ದೂರದಲ್ಲಿ ಪಕ್ಕದ ಮನೆಯ ಗೋಡೆ. ಮೂರು ವರ್ಷದ ಹಿಂದೆ, ಮೊದಲ ಹೆರಿಗೆಗೆ ಮುಂಚೆ, ಅತ್ತೆ ತಾವೇ ಆರಿಸಿ ಅಲ್ಲಿಗೆ ಹಳದಿ ಹೊಡೆಸಿದ್ದರು. ಬಂದವರೆಲ್ಲ ಹೊಗಳಿದರು, ಹೊಗಳುವುದಕ್ಕೇನು ಸುಂಕ ಕಟ್ಟಬೇಕೆ! ಬಲ್ಬು ಹಾಕಿದರೆ ಗೋಡೆಗಳ ಹೊಳಪು ಕೂಸಿನ ಮೇಲೂ ಬಿದ್ದು, ಕೂಸು ಚಿನ್ನದ ಹಾಗೆ ಕಾಣುತ್ತಿತ್ತು. ಅದು ಕಾಮಾಲೆ ಎಂದು ಗೊತ್ತಾದದ್ದು ಐದನೆಯ ದಿನ, ಆಸ್ಪತ್ರೆಯ ಬಿಳಿ ಹಾಸಿಗೆಯ ಮೇಲೆ ಮಲಗಿಸಿದಾಗ. ಅಷ್ಟರಲ್ಲಿ ಕೈ ಮೀರಿತ್ತು.

ಈಗ ಮತ್ತೆ ಎಂಟು ತಿಂಗಳು. ಹೆರಿಗೆ ನೋವಿಗೆ ಅವಳು ಹೆದರುತ್ತಿರಲಿಲ್ಲ. ಆ ಕೋಣೆಗೆ ಹೆದರುತ್ತಿದ್ದಳು.

ಪೇಂಟರ್ ಎರಡು ಕೋಟ್ ಮುಗಿಸಿ ಕರೆದಾಗ ಅವಳು ಕೂಸಿಗೆಂದು ಒಗೆದಿಟ್ಟಿದ್ದ ಬಿಳಿ ಬಟ್ಟೆಯೊಂದನ್ನು ತಂದು ಗೋಡೆಗೆ ಹಿಡಿದಳು.

"ಹಳದಿ ಇಣುಕ್ತಾ ಇದೆ."

ಪೇಂಟರ್ ನಕ್ಕ. "ಎಲ್ಲಮ್ಮಾ? ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತಾರಲ್ಲ, ಹಂಗಾಯ್ತು."

ಪಾಪ, ಅವನಿಗೇನು ಗೊತ್ತು.

"ರೀ, ನಿಮಗೂ ಕಾಣಲ್ವಾ?" ಅವಳು ಗಂಡನ ಕಡೆ ತಿರುಗಿದಳು.

"ಸುಮ್ನೆ ಹೆದರ್ಬೇಡ ಕಣೇ. ಈ ಸಲ ದಿನಾ ನೋಡ್ತಾ ಇರ್ತೀವಿ."

"ಅವತ್ತೂ ದಿನಾ ನೋಡ್ತಿದ್ವಲ್ಲ!"

ಅತ್ತೆ ಬಾಗಿಲಲ್ಲಿ ನಿಂತಿದ್ದರು. ಮೂರು ವರ್ಷದಿಂದ ಅವರು ಆ ಹೊಸ್ತಿಲು ದಾಟಿರಲಿಲ್ಲ. ಈಗ ದಾಟಿ ಬಂದು, ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಬಗ್ಗಿ ನೋಡಿದರು.

"ಇದೆ," ಎಂದರು. "ಅವಳು ಹೇಳ್ತಿರೋದು ಸರಿ."

"ಇನ್ನೊಂದು ಕೋಟ್ ಹೊಡೆದ್ರೆ ಮುಚ್ಚಿಹೋಗತ್ತೆ ಅಮ್ಮ," ಎಂದ ಪೇಂಟರ್.

"ಮುಚ್ಚೋದು ಬೇಡ. ಕೆರೆದು ತೆಗೀಬೇಕು."

ಅವನು ತಲೆ ಕೆರೆದುಕೊಳ್ಳುತ್ತಿರುವಾಗಲೇ ಅತ್ತೆ ಅವನ ಸಾಮಾನಿನಿಂದ ಕೆರೆಯುವ ತಗಡು ಎತ್ತಿಕೊಂಡು ಶುರುಮಾಡಿದ್ದರು. ಬಿಳಿ ಸಿಪ್ಪೆಯಾಗಿ ಎದ್ದಿತು, ಅದರಡಿಯ ಹಳದಿಯೂ ಎದ್ದಿತು.

"ನಾನೇ ಆರಿಸಿದ್ದು," ಎಂದರು, ಯಾರ ಮುಖವನ್ನೂ ನೋಡದೆ.

ಸೊಸೆ ಹೊಟ್ಟೆ ಹಿಡಿದುಕೊಂಡು ಮೆಲ್ಲಗೆ ಕೂತಳು. ಕೈಲಿದ್ದ ಬಟ್ಟೆಯನ್ನು ಅತ್ತೆಯ ಕಾಲ ಬಳಿ ಹಾಸಿದಳು. ಅದರ ಮೇಲೆ ಚೂರು ಚೂರಾಗಿ ಹಳದಿ ಉದುರತೊಡಗಿತು.