ಕ್ಲೆಮೆಂಟ್ ಬೆಚ್ಚಗೆ ಮಾಡಿದ ಭವನ

ನಮ್ಮ ಕೆಲ್ತಾರ್ಪ್ ಊರಿನಲ್ಲಿ ಯಾರಾದರೂ ಬಿಟ್ಟಿಯಾಗಿ ಒಂದು ಕೆಲಸ ಮಾಡಿಕೊಟ್ಟರೆ ಅದರಲ್ಲಿ ತಪ್ಪು ಹುಡುಕುವ ಹಾಗಿಲ್ಲ. ಈ ನಿಯಮವನ್ನು ಎಲ್ಲೂ ಬರೆದಿಟ್ಟಿಲ್ಲ. ಬರೆದಿಟ್ಟಿದ್ದರೆ ನನಗೆ ಗೊತ್ತಿರುತ್ತಿತ್ತು, ಯಾಕೆಂದರೆ ಸಮುದಾಯ ಭವನದ ಸಮಿತಿಗೆ ಹದಿನಾಲ್ಕು ವರ್ಷದಿಂದ ಕಾರ್ಯದರ್ಶಿ ನಾನೇ. ಚರ್ಚಿನಲ್ಲಿ ಜೋಡಿಸಿದ ಹೂವು ಬಾಡಿದ್ದರೂ ಎಷ್ಟು ಚೆಂದ ಜೋಡಿಸಿದ್ದೀರಿ ಎನ್ನಬೇಕು. ಯಾರೋ ತಂದ ಕೇಕ್ ಹಲ್ಲು ಮುರಿಯುವಂತಿದ್ದರೂ ಇನ್ನೊಂದು ತುಂಡು ಕೇಳಬೇಕು. ಇಂಥ ಊರಿನಲ್ಲಿ ಕ್ಲೆಮೆಂಟ್ ರಡ್‌ಕಿನ್ ಬೇಸಿಗೆಯಿಡೀ ಒಬ್ಬರೇ ದುಡಿದು ನಮ್ಮ ಭವನವನ್ನು ಬೆಚ್ಚಗೆ ಮಾಡಿಕೊಟ್ಟರು.

ಭವನ ಎನ್ನುವುದು ಕರೆಯುವುದಕ್ಕೆ ಮಾತ್ರ. ಮೊದಲ ಮಹಾಯುದ್ಧ ಮುಗಿದ ಮೇಲೆ ತಗಡು ಮತ್ತು ಹಲಗೆ ಹೊಡೆದು ಕಟ್ಟಿದ ಶೆಡ್ಡು ಅದು. ಸಮುದ್ರದ ಗಾಳಿ ಒಂದು ಗೋಡೆಯಿಂದ ಬಂದು ಇನ್ನೊಂದು ಗೋಡೆಯಿಂದ ಹೋಗುತ್ತಿತ್ತು. ಜನವರಿಯಲ್ಲಿ ಇಸ್ಪೀಟು ಆಡುವವರು ಕೈಗವಸು ಹಾಕಿಕೊಂಡೇ ಎಲೆ ಹಂಚುತ್ತಿದ್ದರು. ಮೂಲೆಯಲ್ಲಿ ಕಲ್ಲಿದ್ದಲು ಹಾಕುವ ಕಬ್ಬಿಣದ ಒಲೆಯೊಂದಿತ್ತು, ಅದರ ಹತ್ತಿರ ಕೂತವರಿಗಷ್ಟೇ ಸುಖ.

ಕ್ಲೆಮೆಂಟ್ ಬಡಗಿ. ಎಪ್ಪತ್ತನಾಲ್ಕು ವಯಸ್ಸು, ಎದೆನೋವಿಗೆ ಮಾತ್ರೆ ನುಂಗುತ್ತಿದ್ದರು. ಫೆಬ್ರವರಿಯಲ್ಲಿ ಅವರ ಹೆಂಡತಿ ಆವ್ರಿಲ್ ತೀರಿಕೊಂಡರು. ಆಮೇಲೆ ಆ ಮನುಷ್ಯ ದಿನವಿಡೀ ಬಸ್ಸು ನಿಲ್ದಾಣದಲ್ಲಿ ಕೂತಿರುತ್ತಿದ್ದರು, ಬಸ್ಸು ಬಂದರೆ ಹತ್ತುತ್ತಿರಲಿಲ್ಲ. ಹಾಗಾಗಿ ಭವನದ ದುರಸ್ತಿಗೆ ಸರ್ಕಾರದ ನೆರವು ಮಂಜೂರಾಗಿ, ಕೂಲಿಯಿಲ್ಲದೆ ಕೆಲಸ ನಾನು ಮಾಡುತ್ತೇನೆ ಎಂದು ಅವರು ಎದ್ದು ನಿಂತಾಗ ಇಡೀ ಊರು ನಿಟ್ಟುಸಿರು ಬಿಟ್ಟಿತು. ಭವನ ಹೇಗಾದರೂ ಇರಲಿ, ಕ್ಲೆಮೆಂಟ್ ಉಳಿದುಕೊಂಡರಲ್ಲ ಎಂಬ ಸಮಾಧಾನ ಅದು.

ಕಿಟಕಿಗಳಿಗೆ ಎರಡು ಪದರದ ಗಾಜು ಕೂರಿಸಿದರು, ತೆರೆಯಲು ಬಾರದ ಹಾಗೆ. ಗೋಡೆಯೊಳಗೆ ಚಳಿ ತಡೆಯುವ ಉಣ್ಣೆ ತುಂಬಿ ಮೇಲೆ ಹಲಗೆ ಹೊಡೆದರು. ಬಾಗಿಲ ಸಂದಿಗೆಲ್ಲ ರಬ್ಬರು ಪಟ್ಟಿ. ಒಲೆಯ ಹಿಂದೆ ಗೋಡೆಯಲ್ಲಿ ಎರಡು ಗಾಳಿಕಿಂಡಿ ಇದ್ದವು, ನಮ್ಮ ಅಜ್ಜಂದಿರ ಕಾಲದವು. ಅವಕ್ಕೂ ಹಲಗೆ ಹೊಡೆದು ಬಣ್ಣ ಬಳಿದರು. ಒಲೆಯನ್ನು ಮಾತ್ರ ಹಾಗೇ ಬಿಟ್ಟರು, ಅದರ ಮೇಲೆ ಊರಿಗೆಲ್ಲ ಪ್ರೀತಿ. ಕೆಲಸ ಮುಗಿದ ದಿನ ನನ್ನನ್ನು ಕರೆದು ನಡುವೆ ಒಂದು ಮೇಣದಬತ್ತಿ ಹಚ್ಚಿಟ್ಟರು. ಹೊರಗೆ ಗಾಳಿ ಮರ ಮುರಿಯುವ ಹಾಗೆ ಬೀಸುತ್ತಿತ್ತು. ಬತ್ತಿಯ ಜ್ವಾಲೆ ಒಂದಿಷ್ಟೂ ಅಲುಗಲಿಲ್ಲ.

"ನೋಡಿದೆಯಾ ಥೆಲ್ಮಾ," ಎಂದರು. "ಒಂದು ಸೂಜಿ ಹೋಗೋವಷ್ಟು ಜಾಗ ಬಿಟ್ಟಿಲ್ಲ ಕಣಮ್ಮ."

ನಾನು ಚಪ್ಪಾಳೆ ತಟ್ಟಿದೆ. ಈಗ ನೆನೆದರೆ ಆ ಕೈಗಳನ್ನು ಏನು ಮಾಡಲಿ ಎನಿಸುತ್ತದೆ.

ಅಕ್ಟೋಬರಿನಲ್ಲಿ ಒಲೆ ಹಚ್ಚಿದೆವು. ಮಂಗಳವಾರ ಮಧ್ಯಾಹ್ನ ಅಲ್ಲಿ ವಯಸ್ಸಾದವರಿಗೆ ಊಟ ಇರುತ್ತದೆ. ನನ್ನ ಅಮ್ಮ ಹಿಲ್ಡಾಗೆ ಎಂಬತ್ತೆಂಟು, ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಹೋಗಬೇಕು. ಆ ಊಟವೊಂದೇ ಅವಳಿಗೆ ವಾರದ ಹಬ್ಬ. ಮೊದಲ ಮಂಗಳವಾರವೇ ತಲೆ ಸಿಡಿಯುತ್ತಿದೆ ಎಂದಳು. ಎರಡನೆಯ ವಾರ ಊಟದ ನಂತರ ಹದಿನೆಂಟು ಮಂದಿಯಲ್ಲಿ ಹನ್ನೊಂದು ಮಂದಿ ಕೂತಲ್ಲೇ ತೂಕಡಿಸಿದರು. ಎಲ್ಲರೂ ನಕ್ಕೆವು. ಕ್ಲೆಮೆಂಟ್ ಮಾಡಿದ ಬಿಸಿಗೆ ಮುದುಕರು ಮಕ್ಕಳ ಹಾಗೆ ಮಲಗಿಬಿಟ್ಟರು ಎಂದು ಅಡುಗೆಯ ಮ್ಯೂರಿಯಲ್ ಊರೆಲ್ಲ ಹೇಳಿಕೊಂಡು ಬಂದಳು. ಕಿಟಕಿಗಳ ಒಳಮೈಯಲ್ಲಿ ನೀರು ಇಳಿಯುತ್ತಿತ್ತು. ಒಲೆಯ ಬಾಯಲ್ಲಿ ಬೆಂಕಿ ಮೊದಲಿನಂತೆ ನೆಗೆಯದೆ ಮಂಕಾಗಿ ಹಳದಿಯಾಗಿ ನೆಕ್ಕುತ್ತಿತ್ತು.

ಆಮೇಲೆ ಅಲಾರಂ ಕೂಗಿತು. ನೆರವು ಕೊಟ್ಟವರ ಷರತ್ತಿನಂತೆ ಗೋಡೆಗೆ ತೂಗುಹಾಕಿದ್ದ ಬಿಳಿ ಡಬ್ಬಿ ಅದು, ಅಂಗೈಯಷ್ಟು. ಏತಕ್ಕೆಂದು ನಾವ್ಯಾರೂ ಕೇಳಿರಲಿಲ್ಲ. ಬ್ಯಾಟರಿ ಬದಲಾಯಿಸಿದೆವು, ಮತ್ತೆ ಕೂಗಿತು. ಇಸ್ಪೀಟಿನ ದಿನ ಕೂಗಿತು, ಹಾಡಿನ ಅಭ್ಯಾಸದ ದಿನ ಕೂಗಿತು. ಜನ ಕಿವಿ ಮುಚ್ಚಿಕೊಂಡು ಕ್ಲೆಮೆಂಟ್ ಕಡೆ ನೋಡದ ಹಾಗೆ ನೋಡಿದರು. ಒಂದು ಸಂಜೆ ಅವರು ನನ್ನನ್ನು ಪಕ್ಕಕ್ಕೆ ಕರೆದರು. ಮುಖ ಬಾಡಿತ್ತು.

"ಅದು ಕೆಟ್ಟಿದೆ ಅನ್ಸುತ್ತೆ. ನನ್ನ ಕೆಲಸಕ್ಕೇ ಬೈದ ಹಾಗೆ ಕೇಳ್ಸುತ್ತೆ ಕಣಮ್ಮ," ಎಂದರು.

ಅಯ್ಯೋ ಪಾಪ ಎನಿಸಿತು. ಏಣಿ ಹತ್ತಿ ನಾನೇ ಅದನ್ನು ಇಳಿಸಿದೆ. ಅದು ನನ್ನ ಕೈಯಲ್ಲೂ ಕೂಗುತ್ತಿತ್ತು. ಎರಡು ಪಾತ್ರೆ ಒರೆಸುವ ಬಟ್ಟೆಯಲ್ಲಿ ಸುತ್ತಿ ಅಡುಗೆಮನೆಯ ಕೆಳಗಿನ ಖಾನೆಯಲ್ಲಿ ತುರುಕಿದೆ.

ಮಾರನೆಯ ದಿನ ಕಡತ ಜೋಡಿಸುವಾಗ ಆ ಅಲಾರಂ ಜೊತೆ ಬಂದಿದ್ದ ಸೂಚನೆಯ ಚೀಟಿ ಸಿಕ್ಕಿತು. ಓದಿದೆ. ಗಾಳಿ ಸಾಲದೆ ಉರಿಯುವ ಒಲೆ ವಿಷಗಾಳಿ ಬಿಡುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮೊದಲು ತಲೆನೋವು, ಆಮೇಲೆ ನಿದ್ದೆ. ಸತ್ತವರ ಮುಖ ಕೆಂಪಗೆ ಕಳೆಕಳೆಯಾಗಿರುತ್ತದೆ. ಅಲಾರಂ ಕೂಗಿದರೆ ಕೂಡಲೇ ಎಲ್ಲರೂ ಹೊರಗೆ ಬನ್ನಿ ಎಂದು ದಪ್ಪ ಅಕ್ಷರದಲ್ಲಿತ್ತು.

ಗುರುವಾರ ಸಮಿತಿಯ ಸಭೆ. ಕಾರ್ಯಸೂಚಿಯ ಕೊನೆಯಲ್ಲಿ 'ಇತರ ವಿಷಯಗಳು' ಎಂದು ಒಂದು ಸಾಲು ಯಾವಾಗಲೂ ಇರುತ್ತದೆ. ಅದರ ಕೆಳಗೆ ಪೆನ್ಸಿಲಿನಲ್ಲಿ 'ಒಲೆ' ಎಂದು ಬರೆದುಕೊಂಡು ಹೋದೆ. ಅಧ್ಯಕ್ಷ ಡೆಸ್ಮಂಡ್ ಗಾರ್ಬಟ್, ಹಿಂದೆ ದನದ ಸಂತೆಯಲ್ಲಿ ಹರಾಜು ಕೂಗುತ್ತಿದ್ದವರು, ಅಂದು ಕ್ಲೆಮೆಂಟರಿಗೆ ಸನ್ಮಾನ ಇಟ್ಟುಕೊಂಡಿದ್ದರು. ಹಿತ್ತಾಳೆಯ ಫಲಕ ಕೊಟ್ಟರು, ಎಲ್ಲರೂ ಎದ್ದು ಚಪ್ಪಾಳೆ ಹೊಡೆದೆವು. ಕ್ಲೆಮೆಂಟ್ ಕರ್ಚೀಫು ತೆಗೆದು ಕಣ್ಣೊರೆಸಿಕೊಂಡು, ಇದನ್ನು ನೋಡೋಕೆ ಆವ್ರಿಲ್ ಇರಬೇಕಾಗಿತ್ತು ಎಂದರು. ಆ ಮೇಲೆ ಡೆಸ್ಮಂಡ್ ನನ್ನ ಕಡೆ ತಿರುಗಿ ಇತರ ವಿಷಯ ಏನಾದರೂ ಇದೆಯೇ ಎಂದು ಕೇಳಿದರು.

ನಾನು ಏನೂ ಇಲ್ಲ ಎಂದೆ. 'ಏನೂ ಇಲ್ಲ' ಎಂದು ನನ್ನ ಕೈಯಾರೆ ನಡಾವಳಿಯಲ್ಲಿ ಬರೆದೆ.

ಒಂದು ವಾರ ಕಳೆಯಲಿ, ಸಂಭ್ರಮ ಇಳಿಯಲಿ, ಅವರೊಬ್ಬರಿಗೇ ಮೆಲ್ಲಗೆ ಹೇಳುತ್ತೇನೆ ಅಂದುಕೊಂಡೆ. ಅದು ಎರಡು ವಾರವಾಯಿತು. ಆ ಎರಡು ಮಂಗಳವಾರವೂ ಚಳಿ ಜಾಸ್ತಿ ಎಂದು ನೆಪ ಹೇಳಿ ಅಮ್ಮನನ್ನು ಮನೆಯಲ್ಲೇ ಉಳಿಸಿಕೊಂಡೆ. ಉಳಿದವರ ಊಟ ನಡೆಯಿತು. ಊಟ ಮುಗಿಯುವ ಹೊತ್ತಿಗೆ ನಾನು ಭವನದ ಮುಂದಿನ ರಸ್ತೆಯಲ್ಲಿ ಸುಮ್ಮನೆ ಅತ್ತಿಂದಿತ್ತ ನಡೆದು, ಬಾಗಿಲಿನಿಂದ ಬರುವ ತಲೆಗಳನ್ನು ಎಣಿಸಿ ಮನೆಗೆ ಹೋಗುತ್ತಿದ್ದೆ. ಹದಿನೇಳೂ ಇದ್ದರೆ ಅಂದಿನ ಮಟ್ಟಿಗೆ ಉಸಿರಾಡುತ್ತಿದ್ದೆ. ಇಷ್ಟು ಹೇಡಿತನ ನನ್ನಲ್ಲಿತ್ತೆಂದು ನನಗೇ ಗೊತ್ತಿರಲಿಲ್ಲ.

ಆ ವಾರದ ಶುಕ್ರವಾರ ಮಧ್ಯಾಹ್ನ ಕ್ಲೆಮೆಂಟ್ ಭವನದ ವೇದಿಕೆಗೆ ಪಾಲಿಶ್ ಹೊಡೆಯಲು ಹೋದರು. ಒಲೆ ಹಚ್ಚಿಕೊಂಡು, ಧೂಳು ಬರಬಾರದೆಂದು ಬಾಗಿಲು ಭದ್ರ ಮಾಡಿಕೊಂಡಿದ್ದರಂತೆ. ಶನಿವಾರ ಬೆಳಿಗ್ಗೆ ಮ್ಯೂರಿಯಲ್ ಬೀಗ ತೆಗೆದಾಗ ಅವರು ಒಲೆಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಡಾಕ್ಟರು ಬಂದು ನೋಡಿ ಹೃದಯ ಎಂದರು, ಹಳೆಯ ಕಾಯಿಲೆ, ಯಾರಿಗೂ ಅನುಮಾನ ಬರಲಿಲ್ಲ. ಹೆಂಡತಿಯನ್ನು ಹುಡುಕಿಕೊಂಡು ಹೋದರು ಎಂದು ಊರು ಹೇಳಿತು. ಮುಖ ಎಷ್ಟು ಕೆಂಪಗಿತ್ತು, ಆಟ ಆಡಿ ಬಂದ ಮಗುವಿನ ಹಾಗೆ ಎಂದು ಮ್ಯೂರಿಯಲ್ ನನ್ನ ಅಡುಗೆಮನೆಯಲ್ಲಿ ನಿಂತು ಅತ್ತಳು. ನಾನು ಅವಳಿಗೆ ಚಹಾ ಬಗ್ಗಿಸುತ್ತಿದ್ದೆ, ಬಗ್ಗಿಸುತ್ತಲೇ ಇದ್ದೆ, ಬಟ್ಟಲು ತುಂಬಿ ಮೇಜಿಗೆ ಹರಿಯಿತು.

ಕ್ಲೆಮೆಂಟರ ಮಗಳು ರೊವೀನಾ ಹಲ್ ಪಟ್ಟಣದಿಂದ ಬಂದಳು. ದಾದಿಯ ಕೆಲಸ ಮಾಡುವವಳು, ನಲವತ್ತು ದಾಟಿದೆ, ತಂದೆಯದೇ ಅಗಲ ಕೈ. ನನ್ನ ಮನೆಗೆ ಬಂದು ಒಂದೇ ಒಂದು ಮಾತು ಕೇಳಿದಳು.

"ಥೆಲ್ಮಾ ಆಂಟಿ, ರಾತ್ರಿಯೆಲ್ಲ ಒಬ್ಬರೇ ಇದ್ರಲ್ಲ. ಅಪ್ಪಂಗೆ ಚಳಿ ಆಗಿರುತ್ತಾ?"

"ಇಲ್ಲಮ್ಮ," ಎಂದೆ. "ಬೆಚ್ಚಗಿತ್ತು."

ಅವಳು ನನ್ನ ಕೈ ಹಿಡಿದು ಥ್ಯಾಂಕ್ಸ್ ಹೇಳಿದಳು.

ಮಣ್ಣು ಮಾಡಿದ ದಿನದ ಚಹಾಕೂಟವನ್ನು ಭವನದಲ್ಲೇ ಇಡಬೇಕೆಂದು ಡೆಸ್ಮಂಡ್ ಹೇಳಿದರು. ಕ್ಲೆಮೆಂಟ್ ಬೆಚ್ಚಗೆ ಮಾಡಿದ ಜಾಗ, ಬೇರೆಲ್ಲಿ ಇಡುವುದು ಎಂದರು. ಎಲ್ಲರೂ ತಲೆಯಾಡಿಸಿದರು, ನಾನೂ ಆಡಿಸಿದೆ. ನವೆಂಬರ್ ಗಾಳಿ ಸಮಾಧಿಯ ಬಳಿ ಪಾದ್ರಿಯ ಕೈಯಿಂದ ಹಾಳೆ ಕಿತ್ತುಕೊಂಡು ಹೋಯಿತು. ಚಳಿಯಲ್ಲಿ ನಡುಗಿ ಬಂದವರು ಒಳಗೆ ಹೊಕ್ಕು ಆಹಾ ಎಂದರು. ಒಲೆಗೆ ಬೆಳಗಿನಿಂದ ಕಲ್ಲಿದ್ದಲು ತುಂಬಿದ್ದರು. ಅರವತ್ತು ಜನ, ಹ್ಯಾಮ್ ಸ್ಯಾಂಡ್‌ವಿಚ್, ಹಣ್ಣಿನ ಕೇಕು, ವಯಸ್ಸಾದವರಿಗೆ ಸಣ್ಣ ಲೋಟದಲ್ಲಿ ಶೆರ್ರಿ ವೈನು. ಅಮ್ಮ ಹಟ ಹಿಡಿದು ಬಂದಿದ್ದಳು. ಕ್ಲೆಮೆಂಟ್ ಚಿಕ್ಕವನಿದ್ದಾಗ ಚರ್ಚಿನ ಭಾನುವಾರದ ಶಾಲೆಯಲ್ಲಿ ಪಾಠ ಹೇಳಿಕೊಟ್ಟವಳು ಅವಳೇ, ಬೇಡ ಎನ್ನುವುದು ಹೇಗೆ?

ಅರ್ಧ ಗಂಟೆಯಲ್ಲಿ ಕಿಟಕಿಗಳು ಬೆವೆತವು. ನಾನು ಎದ್ದು ಬಾಗಿಲು ತೆರೆದೆ. ಡೆಸ್ಮಂಡ್ ನಗುತ್ತಾ ಬಂದು, ಗಾಳಿ ಬರುತ್ತಿದೆ ಎಂದು ಮುಚ್ಚಿದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆರೆದೆ. ಈ ಸಲ ಯಾರು ಮುಚ್ಚಿದರೋ, ರಬ್ಬರು ಪಟ್ಟಿ ಮೆತ್ತಗೆ ಸದ್ದು ಮಾಡಿ ಕೂತಿತು. ಪಾದ್ರಿ ಕ್ಲೆಮೆಂಟರ ನಿಸ್ವಾರ್ಥದ ಬಗ್ಗೆ ಮಾತನಾಡುತ್ತಿದ್ದರು. ಮಾತು ಕೇಳುತ್ತಿದ್ದವರ ಕಣ್ಣುಗಳು ಒಬ್ಬೊಬ್ಬರದಾಗಿ ಸಣ್ಣದಾಗುತ್ತಿದ್ದವು. ಅಮ್ಮನ ತಲೆ ನನ್ನ ಭುಜಕ್ಕೆ ವಾಲಿತು.

ಆಗ ನಾನು ಮಾಡಿದ್ದನ್ನು ಮುಚ್ಚಿಡುವುದಿಲ್ಲ. ಅಮ್ಮನಿಗೆ ಸುಸ್ತಾಗಿದೆ ಎಂದು ಪಕ್ಕದವರಿಗೆ ಪಿಸುಗುಟ್ಟಿ, ಗಾಲಿಕುರ್ಚಿ ತಳ್ಳಿಕೊಂಡು ಹೊರಬಿದ್ದೆ. ಎಲ್ಲರೂ ಮರುಕದಿಂದ ದಾರಿ ಬಿಟ್ಟರು. ಡೆಸ್ಮಂಡ್ ಬಾಗಿಲು ಹಿಡಿದರು, ನಾವು ದಾಟಿದ ಮೇಲೆ ಮುಚ್ಚಿದರು.

ಚರ್ಚಿನ ಗೋಡೆ ದಾಟುವಷ್ಟರಲ್ಲಿ ತಣ್ಣನೆಯ ಗಾಳಿಗೆ ಅಮ್ಮ ಕಣ್ಣು ಬಿಟ್ಟಳು.

"ಆ ಜಾಗಕ್ಕೆ ಹೋದ್ರೆ ಮಾತ್ರ ನಂಗೆ ತಲೆನೋವು ಬರುತ್ತೆ," ಎಂದಳು. "ಎರಡು ವಾರ ನನ್ನನ್ನ ಮನೇಲಿ ಕೂಡಿಹಾಕಿದ್ದು ಅದಕ್ಕೇನಾ?"

"ಹೌದಮ್ಮ."

"ಒಲೆಯದಾ?"

ಹೌದು ಎಂದೆ. ಅಲಾರಂ ಇಳಿಸಿದ್ದನ್ನೂ ಹೇಳಿದೆ. ಚೀಟಿಯಲ್ಲಿದ್ದುದನ್ನು ಹೇಳಿದೆ. ಹೇಳುತ್ತಾ ಗಾಡಿ ತಳ್ಳುತ್ತಲೇ ಇದ್ದೆ, ಮನೆಯ ಕಡೆಗೆ.

"ಹಾಗಾದ್ರೆ ಒಳಗಿರೋರು?" ಎಂದಳು ಅಮ್ಮ.

ಅವಳು ಬಗ್ಗಿ ಗಾಲಿಯ ಬ್ರೇಕು ಎಳೆದಳು. ಕುರ್ಚಿ ಗಕ್ಕನೆ ನಿಂತು ನನ್ನ ಹೊಟ್ಟೆಗೆ ಗುದ್ದಿತು.

"ನನ್ನೊಬ್ಬಳನ್ನ ಉಳಿಸಿಕೊಂಡು ಏನೇ ಮಾಡ್ತೀಯಾ? ಇಲ್ಲೇ ಬಿಡು ನನ್ನ. ಹೋಗು."

ನಾನು ಓಡಿದೆ. ಅರವತ್ತೆರಡು ವರ್ಷದ ಹೆಂಗಸು, ಶೋಕದ ಕಪ್ಪು ಕೋಟು, ಎತ್ತರ ಹಿಮ್ಮಡಿಯ ಬೂಟು. ದಾರಿಯಲ್ಲಿ ಎರಡು ಸಲ ಮುಗ್ಗರಿಸಿದೆ. ಭವನದ ಹೊರಗೆ ನಿಂತಾಗ ಒಳಗಿಂದ ಮಾತು ಕೇಳಿಸಲಿಲ್ಲ, ನಗು ಕೇಳಿಸಲಿಲ್ಲ, ಬಟ್ಟಲಿನ ಸದ್ದೂ ಇಲ್ಲ. ಬಾಗಿಲಿನ ಹಿಡಿಕೆ ಹಿಡಿದುಕೊಂಡು, ದೇವರೇ ಯಾರಾದರೂ ಕೆಮ್ಮಲಿ ಎಂದು ಬೇಡಿದೆ. ಬಾಗಿಲು ತಳ್ಳಿದೆ. ಪಾದ್ರಿ ಮೌನ ಪ್ರಾರ್ಥನೆಗೆ ತಲೆ ತಗ್ಗಿಸಿ ಎಂದಿದ್ದರಂತೆ. ಅಷ್ಟೂ ತಲೆಗಳು ಬಗ್ಗಿದ್ದವು. ಕೆಲವು ಪ್ರಾರ್ಥನೆಯಲ್ಲಿರಲಿಲ್ಲ.

"ಎಲ್ಲರೂ ಹೊರಗೆ ಬನ್ನಿ," ಎಂದೆ. "ಒಲೆಯಿಂದ ವಿಷಗಾಳಿ ಬರ್ತಿದೆ. ಕ್ಲೆಮೆಂಟ್ ಸತ್ತಿದ್ದು ಅದರಿಂದ. ಅಲಾರಂ ತೆಗೆದು ಬಚ್ಚಿಟ್ಟವಳು ನಾನು."

ಯಾರೂ ಕದಲಲಿಲ್ಲ. ಪಾಪ, ಥೆಲ್ಮಾಗೆ ತುಂಬಾ ದುಃಖವಾಗಿದೆ, ಒಂದು ಬಟ್ಟಲು ಚಹಾ ಕೊಡಿ ಎಂದು ಡೆಸ್ಮಂಡ್ ಯಾರಿಗೋ ಮೆಲ್ಲಗೆ ಹೇಳಿದರು. ರೊವೀನಾ ಮಾತ್ರ ಎದ್ದಳು. ಪಕ್ಕದಲ್ಲಿ ತೂಕಡಿಸುತ್ತಿದ್ದ ಮುದುಕಿಯೊಬ್ಬಳ ಗಲ್ಲ ಹಿಡಿದೆತ್ತಿ ಮುಖ ನೋಡಿದಳು, ರೆಪ್ಪೆ ಬಿಡಿಸಿ ನೋಡಿದಳು. ಆಮೇಲೆ ದಾದಿಯರು ವಾರ್ಡಿನಲ್ಲಿ ಕೂಗುವ ದನಿಯಲ್ಲಿ ಎಲ್ಲರನ್ನೂ ಎಬ್ಬಿಸಿದಳು. ಕುರ್ಚಿಗಳು ಬಿದ್ದವು, ಬಟ್ಟಲು ಒಡೆದವು. ನಡೆಯಲಾರದವರನ್ನು ಹೊತ್ತು ತಂದು ಹುಲ್ಲಿನ ಮೇಲೆ ಮಲಗಿಸಿದರು. ಮೂವರಿಗೆ ಎಚ್ಚರ ಬರಲಿಲ್ಲ, ಆಂಬುಲೆನ್ಸಿಗೆ ಕಾಯುತ್ತಾ ಅವರ ಕೈ ತಿಕ್ಕುತ್ತಾ ಕೂತೆವು.

ರೊವೀನಾ ಗಾಳಿಯಲ್ಲಿ ಕೋಟಿಲ್ಲದೆ ನಿಂತಿದ್ದಳು. ನನ್ನನ್ನು ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ಕಾದೆ. ಹೊಡೆದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳು ನನ್ನ ಕಡೆ ನೋಡಲೇ ಇಲ್ಲ, ಹುಲ್ಲಿನ ಮೇಲಿದ್ದ ಎಲ್ಲರನ್ನೂ ನೋಡಿದಳು.

"ಥೆಲ್ಮಾ ಆಂಟಿಗೆ ಗೊತ್ತಿತ್ತು. ಇನ್ನು ಯಾರ್ಯಾರಿಗೆ ಗೊತ್ತಿತ್ತು?" ಎಂದು ಕೇಳಿದಳು.

ಗಾಳಿ ಬೀಸಿತು. ನನ್ನೊಬ್ಬಳಿಗೇ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಮ್ಯೂರಿಯಲ್ ಏಪ್ರನ್ನಿನ ಅಂಚು ತಿರುಚುತ್ತಾ ಹೇಳಿದಳು:

"ನಂಗೂ ತಲೆ ಸುತ್ತುತ್ತಿತ್ತು. ಆಲೂಗಡ್ಡೆ ಹೊರಗೆ ಕೂತು ಹೆರೀತಿದ್ದೆ. ಹೇಳಿದ್ರೆ ಕ್ಲೆಮೆಂಟ್‌ಗೆ ಬೇಜಾರಾಗುತ್ತೆ ಅಂತ..."

ಆಮೇಲೆ ಡೆಸ್ಮಂಡ್ ಟೊಪ್ಪಿಗೆ ಕೈಗೆ ತೆಗೆದುಕೊಂಡು, ನನಗೂ ತಲೆ ಸಿಡಿಯುತ್ತಿತ್ತು ಎಂದರು. ಆಮೇಲೆ ಹಾಡಿನ ತಂಡದವರಲ್ಲಿ ಇಬ್ಬರು, ಇಸ್ಪೀಟಿನವರಲ್ಲಿ ಒಬ್ಬರು. ಒಬ್ಬೊಬ್ಬರಾಗಿ ನೆಲ ನೋಡತೊಡಗಿದರು.